ಪೇಟಿ ಮುಂದಿಟ್ಟುಕೊಂಡು ಹೆವಿ ಮೆಟಲ್ ಕೇಳುವ ಬಗೆ

ನಿಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಒಂದು ಪೇಟಿ, ಅಂದರೆ ಹಾರ್ಮೋನಿಯಂ ಇದ್ದೇ ಇರುತ್ತದೆ. ಬಿಳಿ 5ನ್ನು (ಐದನೇ ಬಿಳಿ ಮನೆಯನ್ನು) ಷಡ್ಜ ಮಾಡಿಕೊಳ್ಳಿ. ಮೊದಲು ಕೆಳಗಿನ ಸ, ಆಮೇಲೆ ತಾರ ಸ, ಆಮೇಲೆ ಎರಡರ ನಡುವೆ ಬರುವ ಕರಿ 1. ಅಂದರೆ ತೀವ್ರ ಮಧ್ಯಮ. ಅವಸರ ಬೇಡ, ಕೊನೆಯ ಸ್ವರವನ್ನು ಹಿಡಿದು ಅಲುಗಾಡಿಸುತ್ತ ನಿಲ್ಲಿ. ಬರ್ಮಿಂಗ್‌ಹ್ಯಾಮ್ ಊರಿನ ಬ್ಲ್ಯಾಕ್ ಸಬ್ಬತ್ ತಂಡ 1970ರ ಫೆಬ್ರವರಿ 13ರಂದು ಹೊರತಂದ ಮೊದಲ ಆಲ್ಬಮ್ಮಿನ ಮೊದಲ ಹಾಡು ನಿಂತಿರುವುದು ಈ ಮೂರು ಸ್ವರಗಳ ಮೇಲೆ. ಗಿಟಾರಿನ ದಪ್ಪ ಸದ್ದಿನ ರಾಕ್ ಸಂಗೀತವಾದ ಹೆವಿ ಮೆಟಲ್ ಶುರುವಾದದ್ದು ಎಲ್ಲಿಂದ ಎಂದು ಯಾರಾದರೂ ಕೇಳಿದರೆ ಬಹಳ ಜನ ಬೊಟ್ಟು ಮಾಡುವುದು ಇಲ್ಲಿಗೇ.

ಯಮನ್ ರಾಗದಲ್ಲಿ ಇದೇ ತೀವ್ರ ಮ ಎಷ್ಟು ಹಿತವಾಗಿರುತ್ತದೆ! ಅಲ್ಲಿ ಅದು ಪಂಚಮಕ್ಕೆ ಒರಗುತ್ತದೆ, ಕಿವಿಗೆ ಸಮಾಧಾನವಾಗುತ್ತದೆ. ಸಬ್ಬತ್ ಹಾಡಿನಲ್ಲಿ ಅದು ಪಂಚಮವನ್ನು ಮುಟ್ಟಿ ಮುಟ್ಟಿ ವಾಪಸ್ ಬರುತ್ತದೆಯೇ ಹೊರತು ಅಲ್ಲಿ ನೆಲೆಸುವುದಿಲ್ಲ. ಭಯ ಹುಟ್ಟುವುದು ಅಲ್ಲಿ. ಗಿಟಾರಿನ ಸದ್ದು ಎಷ್ಟು ದೊಡ್ಡದು ಎನ್ನುವುದಕ್ಕೂ ಈ ಭಯಕ್ಕೂ ಸಂಬಂಧವಿಲ್ಲ, ಪೇಟಿಯಲ್ಲಿ ಮೆಲ್ಲಗೆ ನುಡಿಸಿದರೂ ಅದು ಹಾಗೇ ಇರುತ್ತದೆ. ಮೆಟಲ್ ಅಂದರೆ ಬರೀ ಗದ್ದಲ ಎನ್ನುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ.

ಹೀಗೆ ಸಣ್ಣದಾಗಿ, ಮತ್ತೆ ಮತ್ತೆ ತಿರುಗಿ ಬರುವ ಸ್ವರಗುಚ್ಛಕ್ಕೆ ರಿಫ್ ಎನ್ನುತ್ತಾರೆ. ರಾಕ್ ಮತ್ತು ಮೆಟಲ್ ಹಾಡುಗಳನ್ನು ಬಾಯಿಯ ಹಾಡಿನಿಂದ ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ, ರಿಫ್‌ನಿಂದ ಹಿಡಿಯಬೇಕು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕೇಳುಗರಿಗೆ ಇದು ಕಷ್ಟವಲ್ಲ ನೋಡ್ರಿ. ತತ್ವಪದದ ಪಲ್ಲವಿ ತಿರುಗಿ ಬರುವಾಗ ತಲೆ ತಾನಾಗಿ ಆಡುತ್ತದೆ. ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ಕವ್ವಾಲರು ಒಂದೇ ಸಾಲನ್ನು ಏರಿಸುತ್ತ ಹೋಗುವುದನ್ನು ಕೂತು ಕೇಳುವ ಅಭ್ಯಾಸ ಇಲ್ಲಿ ಇದೆ. ಪುನರಾವರ್ತನೆಯಿಂದ ಬೇಸರಪಡದ ಕಿವಿ ಇದ್ದರೆ ಅರ್ಧ ಕೆಲಸ ಆದಂತೆ.

ಪೇಟಿ ಹೇಗೂ ತೆರೆದಿದೆ, ಇನ್ನೊಂದಿಷ್ಟು ನುಡಿಸಿ ನೋಡಿ. ಅದೇ ಬಿಳಿ 5ರ ಪಟ್ಟಿಯಲ್ಲಿ ಸ, ಕೋಮಲ ಗ, ಮ. ಸ, ಕೋಮಲ ಗ, ತೀವ್ರ ಮ, ಶುದ್ಧ ಮ. ಸ, ಕೋಮಲ ಗ, ಮ, ಕೋಮಲ ಗ, ಸ. ಡೀಪ್ ಪರ್ಪಲ್ ತಂಡದ 'ಸ್ಮೋಕ್ ಆನ್ ದ ವಾಟರ್' ಹಾಡಿನ ರಿಫ್ ಇಷ್ಟೇ. ಧಾನಿ ರಾಗದ ಸ್ವರಗಳು, ಜೊತೆಗೆ ತೀವ್ರ ಮಧ್ಯಮದ ಒಂದು ಸ್ಪರ್ಶ. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದಿಂದ ರಾಕ್‌ಗೆ ಬಂದ ಮುಖ್ಯ ಸ್ವರಸಮೂಹ ಅದು: ಸ ಗ ಮ ಪ ನಿ, ಗ ಮತ್ತು ನಿ ಕೋಮಲ. ಲೆಡ್ ಜೆಪ್ಪೆಲಿನ್ ಆಗಲಿ, ಎಸಿ/ಡಿಸಿ ಆಗಲಿ, ಹಳೆಯ ರಾಕ್‌ನ ಗಿಟಾರ್ ಸೋಲೋಗಳಲ್ಲಿ ಬಹುಪಾಲು ಇದರೊಳಗೇ ಓಡಾಡುತ್ತವೆ. ಐರನ್ ಮೇಡನ್‌ಗೆ ಬಂದರೆ ರಿ ಮತ್ತು ಕೋಮಲ ಧ ಸೇರಿ ಆಸಾವರಿ ಥಾಟ್ ಆಗುತ್ತದೆ. ಸ್ಲೇಯರ್, ಮೆಟಾಲಿಕಾ ಮುಂತಾದ ಥ್ರ್ಯಾಶ್ (ಬಲು ವೇಗದ ಮೆಟಲ್) ತಂಡಗಳಲ್ಲಿ ಕೋಮಲ ರಿ ಮುಂದೆ ಬಂದು ಭೈರವಿ ಥಾಟ್‌ನ ಬಣ್ಣ ಕಾಣುತ್ತದೆ. ಈ ತಂಡಗಳಲ್ಲಿ ರಾಗ ಇದೆ ಎಂದು ನಾನು ಹೇಳುತ್ತಿಲ್ಲ. ಚಲನೆ, ವಾದಿ, ಸಂವಾದಿ ಇಲ್ಲದ ಮೇಲೆ ಅದು ರಾಗವಲ್ಲ. ಆದರೆ ಸ್ವರ ಗುರುತು ಸಿಕ್ಕರೆ ಒಂದು ತಂಡಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಮೊದಲ ದಿನವೇ ಕೇಳಿಸುತ್ತದೆ. ಎರಡು ವರ್ಷ ಕೇಳಿದ ಮೇಲೆ ಬರುವ ತಿಳಿವಳಿಕೆ ಅದು.

ಇನ್ನು ಆ ದಪ್ಪ ಸದ್ದಿನ ವಿಚಾರ. ಸಬ್ಬತ್‌ನ ಗಿಟಾರ್ ವಾದಕ ಟೋನಿ ಐಯೋಮಿ ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡ. ಎಡಚನಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿದ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮ್ಮಿನ ಹಲವು ಹಾಡಿಗೆ ಗಿಟಾರನ್ನು ಮೂರು ಅರ್ಧಸ್ವರ (ಕರಿ, ಬಿಳಿ ಸೇರಿ ಪೇಟಿಯ ಮೂರು ಮನೆ) ಕೆಳಗಿಳಿಸಿದ. ಕೆಳ ತಂತಿ 82 ಹರ್ಟ್ಜ್‌ನಿಂದ (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎನ್ನುವ ಲೆಕ್ಕ) 69 ಹರ್ಟ್ಜ್‌ಗೆ ಇಳಿಯಿತು. ತಂತಿ ಸಡಿಲವಾದರೆ ಒತ್ತುವುದು ಸುಲಭ, ಸದ್ದೂ ಭಾರ. ಇವತ್ತಿಗೂ ಮೆಟಲ್ ತಂಡಗಳು ಶ್ರುತಿ ಇಳಿಸುವ ಚಾಳಿ ಅಲ್ಲಿಂದ ಬಂದದ್ದು.

ಭಾರಕ್ಕೆ ಇನ್ನೊಂದು ಕಾರಣ ಪವರ್ ಕಾರ್ಡ್. ಒಟ್ಟಿಗೆ ನುಡಿಸುವ ಸ್ವರಗಳಿಗೆ ಕಾರ್ಡ್ ಎನ್ನುತ್ತಾರೆ, ಪವರ್ ಕಾರ್ಡಿನಲ್ಲಿ ಇರುವುದು ಸ ಮತ್ತು ಪ ಎರಡೇ, ತಂಬೂರಿಯ ಹಾಗೆ. ಗಾಂಧಾರ ಇಲ್ಲ. ಇದಕ್ಕೊಂದು ಲೆಕ್ಕವಿದೆ. ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದಾಗ ಸದ್ದು ಒಡೆದು (ಇದಕ್ಕೆ ಡಿಸ್ಟಾರ್ಷನ್ ಎನ್ನುತ್ತಾರೆ), ನುಡಿಸಿದ ಸ್ವರಗಳ ಮೊತ್ತ ಮತ್ತು ವ್ಯತ್ಯಾಸದ ಹೊಸ ಸ್ವರಗಳು ಹುಟ್ಟುತ್ತವೆ. 82 ಹರ್ಟ್ಜ್‌ನ ಸ ಜೊತೆ 123 ಹರ್ಟ್ಜ್‌ನ ಪ ನುಡಿಸಿದರೆ ವ್ಯತ್ಯಾಸ 41. ಅದು ಸರಿಯಾಗಿ ಒಂದು ಸಪ್ತಕ ಕೆಳಗಿನ ಸ, ಬಾಸ್ ಗಿಟಾರಿನ ದಪ್ಪ ತಂತಿಯ ಸ್ವರ. ಗಿಟಾರ್ ನುಡಿಸದೆ ಇದ್ದ ಸ್ವರವೂ ಕೇಳಿಸುತ್ತದೆ. ಅದೇ ಗಾಂಧಾರ ಸೇರಿಸಿದರೆ ಹುಟ್ಟುವ ಸ್ವರಗಳು ಒಂದಕ್ಕೊಂದು ಹೊಂದದೆ ರಾಡಿಯಾಗುತ್ತದೆ. ಕಾಲೇಜು ಫೆಸ್ಟ್‌ಗಳಲ್ಲಿ ಹುಡುಗರು ಡಿಸ್ಟಾರ್ಷನ್ ಪೂರ್ತಿ ಏರಿಸಿ ಆರು ತಂತಿಯ ಕಾರ್ಡ್ ಬಾರಿಸಿದಾಗ ಸದ್ದು ಕಲಸಿಹೋಗುವುದು ಇದರಿಂದಲೇ. ಎರಡು ತಂತಿ ಸಾಕು, ಡಿಸ್ಟಾರ್ಷನ್ ಅರ್ಧಕ್ಕೆ ಇಳಿಸಿದರೆ ಇನ್ನೂ ಚಲೋ.

ತಾಳದ ಕಡೆ ತಬಲಾ ಗೊತ್ತಿರುವವರಿಗೆ ಹಬ್ಬ. ಪಿಂಕ್ ಫ್ಲಾಯ್ಡ್‌ನ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್ಮಿನಲ್ಲಿರುವ 'ಮನಿ' ಹಾಡು ಏಳು ಮಾತ್ರೆಯದ್ದು, ರೂಪಕದ ಹಾಗೆ ಬೆರಳಿನಲ್ಲಿ ಎಣಿಸಬಹುದು. ಗಿಟಾರ್ ಸೋಲೋ ಬಂದಾಗ ನಾಲ್ಕಕ್ಕೆ ಹೊರಳುತ್ತದೆ, ಆ ಹೊರಳುವ ಜಾಗ ಹಿಡಿಯಿರಿ. ಲೆಡ್ ಜೆಪ್ಪೆಲಿನ್‌ನ 'ಕಾಶ್ಮೀರ್' ಹಾಡಿನಲ್ಲಿ ಡ್ರಮ್ ನಾಲ್ಕರಲ್ಲಿ ನಡೆಯುತ್ತದೆ, ಗಿಟಾರಿನ ರಿಫ್ ಮೂರರಲ್ಲಿ. ಹನ್ನೆರಡಕ್ಕೊಮ್ಮೆ ಇಬ್ಬರೂ ಸಮ್‌ಗೆ ಬಂದು ಸೇರುತ್ತಾರೆ. ಸ್ವೀಡನ್ನಿನ ಮೆಷುಗ್ಗಾ ಕೇಳಿ ತಲೆ ತಿರುಗಿತು ಎನ್ನುವವರು ಗಿಟಾರ್ ಬಿಟ್ಟು ಸಿಂಬಲ್ (ಡ್ರಮ್ ಜೊತೆ ಇರುವ ಲೋಹದ ತಟ್ಟೆ) ಹಿಡಿಯಬೇಕು. ಸಿಂಬಲ್ ಹೆಚ್ಚಾಗಿ ಸರಳವಾಗಿ ನಾಲ್ಕು ಎಣಿಸುತ್ತಿರುತ್ತದೆ. ಗಿಟಾರ್ ಮತ್ತು ಕಾಲಿನ ಡ್ರಮ್ ಮಾತ್ರ ಬೇರೆ ಉದ್ದದ ಆವರ್ತನ ಹಾಕಿಕೊಂಡು ಹೋಗಿ, ನಾಲ್ಕೋ ಎಂಟೋ ಬಾರ್ (ತಾಳದ ಸುತ್ತು) ಆದ ಮೇಲೆ ಕತ್ತರಿಸಿ ಮೊದಲಿಗೆ ಬರುತ್ತವೆ.

ಇಷ್ಟೆಲ್ಲ ಕೇಳಿಸಬೇಕಾದರೆ ಸದ್ದು ಕಿವಿಗೆ ಸರಿಯಾಗಿ ಮುಟ್ಟಬೇಕು. ಬಹಳ ಜನ ಮೆಟಲ್ ಕೈಬಿಡುವುದು ಸಂಗೀತ ಹಿಡಿಸದೆ ಅಲ್ಲ, ಮೊಬೈಲ್ ಸ್ಪೀಕರಿನಲ್ಲಿ ಕೇಳಿದ್ದಕ್ಕೆ. ಮೊಬೈಲಿನ ಸಣ್ಣ ಸ್ಪೀಕರಿಗೆ ಸುಮಾರು 300 ಹರ್ಟ್ಜ್‌ಗಿಂತ ಕೆಳಗೆ ಶಕ್ತಿಯೇ ಇರುವುದಿಲ್ಲ. ಬಾಸ್ ಗಿಟಾರ್ 41ರಿಂದ ಶುರು, ಕಾಲಿನ ಡ್ರಮ್ಮಿನ ಗುದ್ದು 50ರಿಂದ 100ರಲ್ಲಿ, ಗಿಟಾರಿನ ಬುಡ 82ರಲ್ಲಿ. ಇವೆಲ್ಲ ಹೋದ ಮೇಲೆ ಉಳಿಯುವುದು ಸಿಂಬಲಿನ ಚರಚರ ಮತ್ತು ಕಿರುಚಾಟ. ಅದನ್ನು ಕೇಳಿ ಗದ್ದಲ ಅಂದರೆ ತಪ್ಪು ಕೇಳಿದವರದ್ದಲ್ಲ.

1,000ದಿಂದ 2,000 ರೂಪಾಯಿ ಒಳಗೆ ಸಿಗುವ ವೈರ್ ಇರುವ ಇನ್-ಇಯರ್ ಇಯರ್‌ಫೋನ್ ಸಾಕು. ಅದೇ ಬೆಲೆಯ ಬ್ಲೂಟೂತ್‌ನಲ್ಲಿ ಬ್ಯಾಟರಿಗೆ, ಚಿಪ್ಪಿಗೆ ದುಡ್ಡು ಹೋಗಿ ಸದ್ದಿಗೆ ಉಳಿಯುವುದು ಕಡಿಮೆ. ಬಾಸ್ ಬರುತ್ತಿಲ್ಲ ಎಂದು ದೂರುವವರು ಇಯರ್‌ಫೋನ್ ಬದಲಿಸುವ ಮೊದಲು ರಬ್ಬರ್ ಟಿಪ್ ಬದಲಿಸಿ ನೋಡಬೇಕು. ಡಬ್ಬಿಯಲ್ಲಿ ಮೂರು ಅಳತೆಯವು ಬರುತ್ತವೆ, ಎಲ್ಲರೂ ನಡುವಿನದನ್ನೇ ಹಾಕಿಕೊಂಡು ಬಿಡುತ್ತಾರೆ. ಟಿಪ್ ಮತ್ತು ಕಿವಿಯ ನಡುವೆ ಸಂದು ಉಳಿದರೆ ಮೊದಲು ಸೋರುವುದು ಕೆಳಗಿನ ಸ್ವರಗಳೇ. ಸರಿಯಾಗಿ ಕೂತಿದೆಯೇ ಎಂದು ನೋಡಲು ನಿಮ್ಮದೇ ದನಿಯಲ್ಲಿ ಮಾತಾಡಿ, ದನಿ ತಲೆಯೊಳಗೆ ಗುಂಯ್ ಎಂದರೆ ಕೂತಿದೆ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಉಂಟು.

ಸದ್ದಿನ ಕೆಳಗಿನ, ನಡುವಿನ, ಮೇಲಿನ ಭಾಗಗಳನ್ನು ಹೊಂದಿಸುವ ಈಕ್ವಲೈಸರಿನಲ್ಲಿ 'ರಾಕ್' ಎಂದು ಬರೆದಿರುವ ಗುಂಡಿಯನ್ನು ಒತ್ತಬೇಡಿ. ಅದು ಕೆಳಗಿನದನ್ನೂ ಮೇಲಿನದನ್ನೂ ಏರಿಸಿ ನಡುವಿನದನ್ನು ತಗ್ಗಿಸುತ್ತದೆ. ಗಿಟಾರ್ ಬದುಕಿರುವುದು ಆ ನಡುವಿನಲ್ಲೇ, ಸುಮಾರು 300ರಿಂದ 3,000 ಹರ್ಟ್ಜ್ ಒಳಗೆ. ಅಗ್ಗದ ಇಯರ್‌ಫೋನಿನ ಸದ್ದು ಮಂಕಾಗಿದ್ದರೆ 250 ಹರ್ಟ್ಜ್ ಹತ್ತಿರ 2 ಅಥವಾ 3 ಡೆಸಿಬೆಲ್ ಇಳಿಸಿ. ಸಿಂಬಲ್ ಚುಚ್ಚುತ್ತಿದ್ದರೆ 6,000ದಿಂದ 8,000ದ ನಡುವೆ ಅಷ್ಟೇ ಇಳಿಸಿ. ಯಾವುದನ್ನೂ ಏರಿಸಬೇಡಿ, ಏರಿಸಿದರೆ ಈಗಾಗಲೇ ಅಂಚಿಗೆ ತುಂಬಿರುವ ಮೆಟಲ್ ಧ್ವನಿಮುದ್ರಣ ಒಡೆಯುತ್ತದೆ.

ನಮ್ಮ ಬ್ಯಾಸಗಿಯಲ್ಲಿ ಕೂಲರ್ ಮತ್ತು ಫ್ಯಾನು ಇಡೀ ದಿನ ಓಡುತ್ತವೆ. ಅವುಗಳ ಗುರ್ ಸದ್ದು ಬಾಸನ್ನು ಮುಚ್ಚುತ್ತದೆ, ನಾವು ವಾಲ್ಯೂಮ್ ಏರಿಸುತ್ತೇವೆ, ಬಾಸ್ ಜೊತೆ ಸಿಂಬಲೂ ಏರಿ ಕಿವಿ ಬೇಗ ದಣಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್‌ನಲ್ಲಿ ವಾರಕ್ಕೆ 4 ಗಂಟೆ ಮಾತ್ರ. ಹತ್ತು ಡೆಸಿಬೆಲ್ ಏರಿದರೆ ಸಮಯ ಹತ್ತರಲ್ಲಿ ಒಂದು ಪಾಲಾಗುತ್ತದೆ. ಕೂಲರ್ ಪಕ್ಕ ಕೂತು ಕೇಳುವುದಾದರೆ ಹೊರಗಿನ ಸದ್ದು ತಡೆಯುವ, ಗಟ್ಟಿಯಾಗಿ ಕೂರುವ ಟಿಪ್ ಬೇಕೇ ಬೇಕು. ಇಲ್ಲವೆ ಬೆಳಗಿನ ಜಾವ ಕೇಳಿ.

ಸ್ಪೀಕರ್ ಇಟ್ಟು ಕೇಳುವವರಿಗೆ ಇನ್ನೊಂದು ತೊಡಕಿದೆ. ಇಲ್ಲಿನ ಎಷ್ಟೋ ಮನೆಗಳ ನೆಲ ಶಹಾಬಾದ್ ಫರಸಿ, ಕೆಲವು ಹಳೆ ಮನೆಗಳ ಗೋಡೆಯೂ ಕಲ್ಲೇ. ಕಲ್ಲು ಸದ್ದನ್ನು ಹೀರುವುದಿಲ್ಲ, ಹಾಗೇ ತಿರುಗಿಸಿ ಒಗೆಯುತ್ತದೆ. ಥ್ರ್ಯಾಶ್‌ನಂಥ ವೇಗದ ಸಂಗೀತದಲ್ಲಿ ಒಂದು ಪೆಟ್ಟಿನ ಪ್ರತಿಧ್ವನಿ ಮುಗಿಯುವ ಮೊದಲೇ ಮುಂದಿನ ಪೆಟ್ಟು ಬಂದು ಎಲ್ಲ ಕಲಸುತ್ತದೆ. ದುಬಾರಿ ಫೋಮ್ ಏನೂ ಬೇಡ. ಸ್ಪೀಕರಿಗೂ ನಿಮಗೂ ನಡುವಿನ ನೆಲಕ್ಕೆ ದಪ್ಪ ಜಮಖಾನ ಹಾಸಿ, ನಿಮ್ಮ ಬೆನ್ನ ಹಿಂದಿನ ಗೋಡೆಗೆ ಎರಡು ಕೌದಿ ತೂಗುಹಾಕಿ. ಗೋಡೆಗೂ ಕೌದಿಗೂ ನಡುವೆ ನಾಲ್ಕು ಬೆರಳು ಸಂದು ಬಿಟ್ಟರೆ ಇನ್ನೂ ಕೆಳಗಿನ ಸ್ವರದವರೆಗೆ ಹೀರುತ್ತದೆ. ಕೌದಿ ಬಾಸನ್ನು ಮಾತ್ರ ತಡೆಯಲಾರದು. 10 ಅಡಿಗೆ 12 ಅಡಿ ಕೋಣೆಯಲ್ಲಿ 12 ಅಡಿ ದೂರದ ಗೋಡೆಗಳ ನಡುವೆ ಸುಮಾರು 47 ಹರ್ಟ್ಜ್, 10 ಅಡಿ ದೂರದ ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್ ಊದಿಕೊಳ್ಳುತ್ತದೆ. ಬಾಸ್ ಗಿಟಾರಿನ ಕೆಳ ಸ್ವರಗಳು ಅಲ್ಲೇ ಇವೆ. ಆದ್ದರಿಂದ ಸ್ಪೀಕರನ್ನು ಮೂಲೆಗೆ ಒತ್ತಬೇಡಿ, ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದೆ ತನ್ನಿ. ಕೂರುವ ಜಾಗ ಗೋಡೆಗೆ ಆತುಕೊಂಡೂ ಬೇಡ, ಕೋಣೆಯ ಸರಿ ನಡುವೆಯೂ ಬೇಡ, ಮೂರನೇ ಒಂದು ಪಾಲಿನಷ್ಟು ದೂರದಲ್ಲಿ ಇರಲಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗಬೇಕು. ಮಾಳಿಗೆ ಮೇಲೆ ಗೋಡೆಗಳ ಈ ತೊಂದರೆ ಇಲ್ಲ, ಆದರೆ ಬಾಸಿಗೆ ಗೋಡೆಯ ಬೆಂಬಲವೂ ಇಲ್ಲ, ಸದ್ದು ತೆಳ್ಳಗಾಗುತ್ತದೆ. ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಕಾನೂನಿನ ತಡೆಯೂ ಇದೆ.

ಕಲಬುರಗಿಯಿಂದ ಬೀದರಿಗೆ ಬಸ್ಸಿನಲ್ಲಿ ಹೋಗುವಾಗ ಒಂದೇ ಇಯರ್‌ಫೋನಿನ ಎರಡು ತುದಿಯನ್ನು ಇಬ್ಬರು ಗೆಳೆಯರು ಹಂಚಿಕೊಂಡು ಕೇಳುವುದು ಎಲ್ಲೆಲ್ಲೂ ಕಾಣುತ್ತದೆ. ಪ್ರೀತಿಯ ಕೆಲಸ, ಆದರೆ ವ್ಯಾನ್ ಹೇಲನ್ ತಂಡದ 1978ರ ಮೊದಲ ಆಲ್ಬಮ್ ಹಾಕಿದ್ದರೆ ಎಡಗಡೆಯವನಿಗೆ ಎಡ್ಡಿ ವ್ಯಾನ್ ಹೇಲನ್‌ನ ಗಿಟಾರ್, ಬಲಗಡೆಯವನಿಗೆ ಬಹುಮಟ್ಟಿಗೆ ಅದರ ಪ್ರತಿಧ್ವನಿ. ಎರಡೂ ಕಿವಿ ಒಬ್ಬರದ್ದೇ ಇರಲಿ, ಸರದಿ ಮೇಲೆ ಕೇಳಿ. ಒಬ್ಬರೇ ಕೇಳುವಾಗ ಮಾತ್ರ ಒಂದು ತುದಿ ತೆಗೆದು ಕೇಳುವುದು ಒಳ್ಳೆಯ ಅಭ್ಯಾಸ. ಜೋಡಿ ಗಿಟಾರಿನ ತಂಡಗಳಲ್ಲಿ ಸಾಮಾನ್ಯವಾಗಿ ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ ಇರುತ್ತಾರೆ. ನಮ್ಮ ಸಂಗೀತದಲ್ಲಿ ಎರಡು ಬೇರೆ ಸ್ವರ ಜೊತೆಯಾಗಿ ನಡೆಯುವ ಪದ್ಧತಿ ಇಲ್ಲದ್ದರಿಂದ ಥಿನ್ ಲಿಜ್ಜಿ, ಐರನ್ ಮೇಡನ್‌ಗಳ ಜೋಡಿ ಸಾಲು ಮೊದಮೊದಲು ಒಂದೇ ಗಿಟಾರ್ ಅನಿಸುತ್ತದೆ. ಎಡ, ಬಲ ಬೇರೆ ಬೇರೆ ಕೇಳಿ ಆಮೇಲೆ ಕೂಡಿಸಿ ಕೇಳಿದರೆ ಬಿಡಿಸಿಕೊಳ್ಳುತ್ತದೆ. ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್ಮಿನಲ್ಲಿ ಎಡ, ಬಲ ಎರಡೂ ರಿಫ್ ನುಡಿಸಿರುವುದು ಜೇಮ್ಸ್ ಹೆಟ್‌ಫೀಲ್ಡ್ ಒಬ್ಬನೇ. ಒಂದೇ ರಿಫ್ಫನ್ನು ಕೂದಲೆಳೆ ತಪ್ಪದೆ ಮತ್ತೆ ಮತ್ತೆ ನುಡಿಸಿ ಪದರ ಹಾಕಿದ್ದಾನೆ. ಆ ಗೋಡೆಯಂಥ ಸದ್ದು ಅವನ ಬಲಗೈಯ ಲೆಕ್ಕ.

ಪ್ರಯಾಣಕ್ಕೆ ಹಾಡು ಮೊದಲೇ ಇಳಿಸಿಕೊಳ್ಳಿ. 320 ಕೆಬಿಪಿಎಸ್‌ನಲ್ಲಿ 45 ನಿಮಿಷದ ಆಲ್ಬಮ್ ಸುಮಾರು 108 ಎಂಬಿ ಆಗುತ್ತದೆ. ಸಿಗ್ನಲ್ ತಗ್ಗಿದಾಗ ಆಪ್ ತಾನೇ ಗುಣಮಟ್ಟ ಇಳಿಸುತ್ತದೆ, ಮೊದಲು ಹಾಳಾಗುವುದು ಸಿಂಬಲ್. ಆಪ್‌ನಲ್ಲಿ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರೊಳಗೆ ಬೆರೆಸುವುದು) ಬಂದ್ ಮಾಡಿ, ಗ್ಯಾಪ್‌ಲೆಸ್ (ನಡುವೆ ಸಂದು ಬಿಡದಿರುವುದು) ಹಚ್ಚಿ. ಹಾಡಿಗೆ ಹಾಡು ಅಂಟಿಕೊಂಡಿರುವ ಆಲ್ಬಮ್‌ಗಳಿವೆ, ನಡುವೆ ಸಂದು ಬಿದ್ದರೆ ಕಟ್ಟು ಮುರಿಯುತ್ತದೆ.

ಈಗ ಮುಖ್ಯ ವಿಷಯ, ಹೊಸದನ್ನು ಹುಡುಕುವುದು. ಆಪ್ ತಾನಾಗಿ ಕೊಡುವ ಪಟ್ಟಿಯನ್ನು ನಂಬಿ ಕೂತರೆ ಅದೇ ಐವತ್ತು ಹಾಡು ಸುತ್ತಿ ಸುತ್ತಿ ಬರುತ್ತವೆ. ನೀವು ಏನು ಕೇಳಿದಿರೋ ಅದನ್ನೇ ಕೇಳಿದ ಬೇರೆಯವರು ಮತ್ತೇನು ಕೇಳಿದರು ಎಂದು ಅದು ನೋಡುತ್ತದೆ, ಜನಪ್ರಿಯವಾದದ್ದೇ ಮೇಲೆ ಬರುತ್ತದೆ. ಯಾರು ಯಾರಿಂದ ಕಲಿತರು ಎನ್ನುವುದು ಅದಕ್ಕೆ ಬೇಕಾಗಿಲ್ಲ. ನಮಗೆ ಬೇಕಾದದ್ದು ಅದೇ. ಹಿಂದೂಸ್ತಾನಿಯಲ್ಲಿ ಘರಾಣೆ ಹಿಡಿದು ಕೇಳುತ್ತೇವಲ್ಲ, ಹಾಗೆ ಕೇಳಿ.

ಒಂದು ದಾರಿ ತೋರಿಸುತ್ತೇನೆ. ಡೀಪ್ ಪರ್ಪಲ್‌ನ 1972ರ 'ಮಶೀನ್ ಹೆಡ್' ಕೇಳಿ. ಅದರ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಮುಂದೆ ರೇನ್‌ಬೋ ತಂಡ ಕಟ್ಟಿದ, ಅವರ 1976ರ 'ರೈಸಿಂಗ್' ಕೇಳಿ. ಅಲ್ಲಿ ಹಾಡಿದ ರಾನಿ ಜೇಮ್ಸ್ ಡಿಯೋ ಆಮೇಲೆ ಬ್ಲ್ಯಾಕ್ ಸಬ್ಬತ್ ಸೇರಿ 1980ರಲ್ಲಿ 'ಹೆವನ್ ಅಂಡ್ ಹೆಲ್' ಹಾಡಿದ, 1983ರಲ್ಲಿ ತನ್ನದೇ ಹೆಸರಿನ ತಂಡದಲ್ಲಿ 'ಹೋಲಿ ಡೈವರ್' ತಂದ. ಈ ಸಾಲಿನ ಮೊದಲ ಮೂರೂ ಆಲ್ಬಮ್ಮುಗಳ ಧ್ವನಿಮುದ್ರಣದ ಹಿಂದೆ ಒಬ್ಬನೇ ಮನುಷ್ಯ ಇದ್ದಾನೆ, ಮಾರ್ಟಿನ್ ಬರ್ಚ್. ಅವನ ಹೆಸರು ಹಿಡಿದು ಹೊರಟರೆ ಐರನ್ ಮೇಡನ್‌ನ 1981ರ 'ಕಿಲ್ಲರ್ಸ್'ನಿಂದ 1992ರ 'ಫಿಯರ್ ಆಫ್ ದ ಡಾರ್ಕ್'ವರೆಗೆ ನಡೆದುಹೋಗಬಹುದು. ಈ ಆರು ಆಲ್ಬಮ್ಮಿನಲ್ಲಿ ಇಪ್ಪತ್ತು ವರ್ಷದ ಇತಿಹಾಸ ಕಿವಿಯಿಂದಲೇ ತಿಳಿಯುತ್ತದೆ: ಬ್ಲೂಸ್ ಹೇಗೆ ಕರಗಿತು, ಆರ್ಗನ್ ಹೇಗೆ ಹಿಂದೆ ಸರಿಯಿತು, ವೇಗ ಹೇಗೆ ಏರಿತು. ಆಲ್ಬಮ್ಮಿನ ಹಿಂಬದಿಯ ಸಣ್ಣ ಅಕ್ಷರ ಓದುವವರಿಗೆ ಸಿಗುವ ಲಾಭ ಇದು. ನಿರ್ಮಾಪಕನ ಹೆಸರು, ಸ್ಟುಡಿಯೋದ ಊರು, ಕಂಪನಿಯ ಹೆಸರು ಮೂರನ್ನೂ ಬರೆದಿಟ್ಟುಕೊಳ್ಳಿ. ಫ್ಲಾರಿಡಾದ ಟ್ಯಾಂಪಾ ಊರಿನ ಮಾರಿಸೌಂಡ್ ಸ್ಟುಡಿಯೋ, ಸ್ಕಾಟ್ ಬರ್ನ್ಸ್ ಎಂಬ ಹೆಸರು ಕಂಡರೆ ಗರ್ಜನೆಯ ದನಿಯಲ್ಲಿ ಹಾಡುವ ಡೆತ್ ಮೆಟಲ್‌ನ ಬುಡಕ್ಕೆ ಬಂದಿರಿ ಎಂದೇ ಅರ್ಥ.

ಇನ್ನೊಂದು ಸುಲಭ ನಕ್ಷೆ ಮೆಟಾಲಿಕಾದ 1998ರ 'ಗರಾಜ್ ಇಂಕ್'. ಅದರಲ್ಲಿರುವುದೆಲ್ಲ ಬೇರೆಯವರ ಹಾಡುಗಳೇ: ಡೈಮಂಡ್ ಹೆಡ್, ಬಡ್ಜಿ, ಮರ್ಸಿಫುಲ್ ಫೇಟ್, ಡಿಸ್‌ಚಾರ್ಜ್, ಮೋಟರ್‌ಹೆಡ್, ಥಿನ್ ಲಿಜ್ಜಿ. ಒಂದೊಂದರ ಮೂಲ ಹುಡುಕಿ ಕೇಳಿದರೆ ಮೆಟಾಲಿಕಾದ ಕೈಯ ಯಾವ ತಿರುವು ಯಾರಿಂದ ಬಂತು ಗೊತ್ತಾಗುತ್ತದೆ.

ಹೊಸ ಆಲ್ಬಮ್ಮುಗಳು 2015ರಿಂದ ಜಗತ್ತಿನಾದ್ಯಂತ ಶುಕ್ರವಾರ ಬಿಡುಗಡೆಯಾಗುತ್ತವೆ. ಶುಕ್ರವಾರ ಎಲ್ಲವನ್ನೂ ಕೇಳಲು ಹೋಗಬೇಡಿ. ಮೊದಲ ಹಾಡು ಮತ್ತು ನಡುವಿನ ಒಂದು ಹಾಡು ಕೇಳಿ, ಹಿಡಿಸಿದ ಒಂದೇ ಆಲ್ಬಮ್ ಆರಿಸಿ ಇಡೀ ವಾರ ಅದನ್ನೇ ಕೇಳಿ. ಮೊದಲ ಸಲ ಸುಮ್ಮನೆ, ಎರಡನೇ ಸಲ ಡ್ರಮ್ ಮಾತ್ರ ಹಿಂಬಾಲಿಸಿ, ಮೂರನೇ ಸಲ ಬಾಸ್. ಮೂರನೆಯದು ಕಷ್ಟ, ಆದರೆ ಹಾಡಿನ ಎಲುಬು ಕಾಣುವುದು ಆಗಲೇ. ಹೊಸ ತಂಡಗಳಿಗೆ ನಾನು ಹೆಚ್ಚು ನಂಬುವುದು ಸಂಗೀತದ ಹಬ್ಬಗಳ ಪೋಸ್ಟರನ್ನು. ಜರ್ಮನಿಯ ವಾಕನ್, ಫ್ರಾನ್ಸಿನ ಹೆಲ್‌ಫೆಸ್ಟ್, ಹಾಲೆಂಡಿನ ರೋಡ್‌ಬರ್ನ್ ಪ್ರತಿ ವರ್ಷ ತಂಡಗಳ ಪಟ್ಟಿ ಹಾಕುತ್ತವೆ. ಮೇಲಿನ ದೊಡ್ಡ ಅಕ್ಷರ ಬಿಟ್ಟು ಕೆಳಗಿನ ಎರಡು ಸಾಲಿನ ಸಣ್ಣ ಅಕ್ಷರದ ಹೆಸರುಗಳನ್ನು ಹುಡುಕಿ. ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಅವರ ಆಲ್ಬಮ್ ಪೂರ್ತಿ ಕೇಳಿ ಆಮೇಲೆ ಕೊಳ್ಳಬಹುದು. ಯಾವ ತಂಡದಲ್ಲಿ ಯಾರಿದ್ದರು ಎನ್ನುವುದಕ್ಕೆ 2002ರಿಂದ ನಡೆಯುತ್ತಿರುವ ಮೆಟಲ್ ಆರ್ಕೈವ್ಸ್ ಜಾಲತಾಣ ಇದೆ, ಹಾರ್ಡ್ ರಾಕ್ ತಂಡಗಳು ಮಾತ್ರ ಅಲ್ಲಿ ಕಡಿಮೆ. ಹೊಸ ಕಾಲದಿಂದ ಒಂದೇ ಹೆಸರು ಹೇಳಿ ಎಂದರೆ ಫ್ರಾನ್ಸಿನ ಗೊಜಿರಾ. 2005ರ 'ಫ್ರಮ್ ಮಾರ್ಸ್ ಟು ಸಿರಿಯಸ್'ನಿಂದ ಶುರು ಮಾಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನುಡಿಸಿದವರು ಇವರೇ.

ಹಳೆಯದನ್ನು ಕೇಳುವಾಗ ಯಾವ ಮುದ್ರಣ ಎಂದು ನೋಡಿಕೊಳ್ಳಬೇಕು, ಇಲ್ಲಿ ಬಹಳ ಜನ ಎಡವುತ್ತಾರೆ. ಆಜಿ ಆಸ್ಬೋರ್ನ್‌ನ 'ಬ್ಲಿಝರ್ಡ್ ಆಫ್ ಆಝ್' 2002ರ ಮರುಮುದ್ರಣದಲ್ಲಿ ಮೂಲ ಬಾಸ್ ಮತ್ತು ಡ್ರಮ್ ಅಳಿಸಿ ಬೇರೆಯವರಿಂದ ನುಡಿಸಿ ಸೇರಿಸಿದ್ದರು. 2011ರ ಮುದ್ರಣದಲ್ಲಿ ಮೂಲವೇ ವಾಪಸ್ ಬಂತು. ಮೆಗಾಡೆತ್‌ನ 1990ರ 'ರಸ್ಟ್ ಇನ್ ಪೀಸ್' 2004ರ ಆವೃತ್ತಿಯಲ್ಲಿ ಮಿಶ್ರಣವೇ ಬೇರೆ, ಕೆಲವು ಕಡೆ ಹಾಡಿದ್ದೂ ಹೊಸದು. ಮೆಟಾಲಿಕಾದ 2008ರ 'ಡೆತ್ ಮ್ಯಾಗ್ನೆಟಿಕ್' ಸದ್ದು ದೊಡ್ಡದು ಮಾಡುವ ಭರದಲ್ಲಿ ಮಿಶ್ರಣದಲ್ಲೇ ಒಡೆದಿದೆ, ನಿಮ್ಮ ಇಯರ್‌ಫೋನಿನ ದೋಷವಲ್ಲ. ಅವರದ್ದೇ 1988ರ '...ಅಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಬಾಸ್ ಕೇಳಿಸದಿದ್ದರೆ ಈಕ್ವಲೈಸರಿಗೆ ಕೈ ಹಾಕಬೇಡಿ. ಮಿಶ್ರಣ ಮಾಡುವಾಗಲೇ ಜೇಸನ್ ನ್ಯೂಸ್ಟೆಡ್‌ನ ಬಾಸನ್ನು ಹೂತುಬಿಟ್ಟಿದ್ದಾರೆ. ಒಂದು ಆಲ್ಬಮ್ಮಿಗೆ ಎರಡು ಮೂರು ಆವೃತ್ತಿ ಇದ್ದಾಗ ವಾಲ್ಯೂಮ್ ನಾರ್ಮಲೈಸೇಷನ್ (ಎಲ್ಲ ಹಾಡನ್ನೂ ಒಂದೇ ಜೋರಿಗೆ ತರುವ ಸೆಟ್ಟಿಂಗ್) ಹಚ್ಚಿಕೊಂಡು ಹೋಲಿಸಿ. ಇಲ್ಲದಿದ್ದರೆ ಜೋರಾಗಿರುವುದೇ ಚಲೋ ಅನಿಸುತ್ತದೆ, ಕಿವಿಯ ಸ್ವಭಾವ ಅದು.

ಗರ್ಜನೆಯ ಹಾಡುಗಾರಿಕೆ ಕೇಳಿ ಹಿಂದೆ ಸರಿಯುವವರಿಗೆ ಒಂದು ಮಾತು. ಅದು ಗಂಟಲು ಹರಿದು ಕೂಗುವುದಲ್ಲ. ಸ್ವರತಂತುಗಳ ಮೇಲಿರುವ ಸುಳ್ಳು ತಂತುಗಳನ್ನು ಕಂಪಿಸುವ ಅಭ್ಯಾಸ, ಗಾಳಿಯ ಹಿಡಿತ ಇಲ್ಲದವರಿಗೆ ಸಾಧ್ಯವಿಲ್ಲ. ಒಮ್ಮೆ ಸಾಹಿತ್ಯ ಓದಿಕೊಂಡು ಕೇಳಿ, ಆಮೇಲೆ ಅದನ್ನೂ ಒಂದು ತಾಳವಾದ್ಯ ಎಂದುಕೊಂಡು ಕೇಳಿ. ಸ್ವೀಡನ್ನಿನ ಓಪೆತ್ ಇಲ್ಲಿ ಒಳ್ಳೆಯ ಸೇತುವೆ. ಗರ್ಜನೆಯೇ ಇಲ್ಲದ 2003ರ 'ಡ್ಯಾಮ್ನೇಷನ್' ಮೊದಲು, ಎರಡೂ ಕೂಡಿರುವ 2001ರ 'ಬ್ಲ್ಯಾಕ್‌ವಾಟರ್ ಪಾರ್ಕ್' ಆಮೇಲೆ.

ನಮ್ಮ ದೇಶದ ತಂಡಗಳನ್ನೂ ಬಿಡಬಾರದು. ಬೆಂಗಳೂರಿನ ಕ್ರಿಪ್ಟೋಸ್ 1998ರಿಂದ ನುಡಿಸುತ್ತಿದೆ. ಜೂಡಾಸ್ ಪ್ರೀಸ್ಟ್ ಕೇಳಿದವರಿಗೆ ಅವರ ಜೋಡಿ ಗಿಟಾರ್ ತಕ್ಷಣ ಹತ್ತಿರವಾಗುತ್ತದೆ. ಅದೇ ಊರಿನ ಬೇವಾರ್ ಸೀ ಸಬ್ಬತ್ ದಾರಿಯ ನಿಧಾನ, ಭಾರ ಸಂಗೀತದ್ದು. ಕೊಚ್ಚಿಯ ಮದರ್‌ಜೇನ್ ತಂಡದ 2008ರ 'ಮಖ್ತೂಬ್'ನಲ್ಲಿ ಬೈಜು ಧರ್ಮಜನ್ ಗಿಟಾರಿನ ಮೇಲೆ ಕರ್ನಾಟಕ ಸಂಗೀತದ ಗಮಕ ತಂದಿದ್ದಾರೆ, ಪೇಟಿಯಲ್ಲಿ ಬಾರದ್ದು ಅಲ್ಲಿ ಬರುತ್ತದೆ. ದೆಹಲಿಯ ಬ್ಲಡಿವುಡ್‌ನ 2022ರ 'ರಕ್ಷಕ್'ನಲ್ಲಿ ಢೋಲು ಮತ್ತು ಮೆಟಲ್ ಡ್ರಮ್ ಒಟ್ಟಿಗೆ ನಡೆಯುತ್ತವೆ. ಡೊಳ್ಳು, ಹಲಗೆ ಕೇಳಿ ಬೆಳೆದವರಿಗೆ ಮೊದಲ ಆಲ್ಬಮ್ಮಾಗಿ ಇದನ್ನೇ ಕೊಡಬಹುದು.

ಕಛೇರಿಗೆ ಇಲ್ಲಿಂದ ಹೊರಗೆ ಹೋಗಲೇಬೇಕು. ಐರನ್ ಮೇಡನ್ 2007ರ ಮಾರ್ಚ್ 17ರಂದು, ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರು ಅರಮನೆ ಮೈದಾನದಲ್ಲಿ ನುಡಿಸಿದ್ದರು. ಬೀದರಿನವರಿಗೆ ಹೈದರಾಬಾದ್ ಹತ್ತಿರ, ಯಾದಗಿರಿ ಮತ್ತು ಕಲಬುರಗಿಯವರಿಗೆ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಟಿಕೆಟ್ಟಿಗಿಂತ ಮೊದಲು ಇಯರ್‌ಪ್ಲಗ್ ಕೊಳ್ಳಿ. ಫೋಮಿನದು ಮೇಲಿನ ಸ್ವರಗಳನ್ನೆಲ್ಲ ನುಂಗುತ್ತದೆ. ಸಂಗೀತಗಾರರಿಗೆಂದೇ ಮಾಡಿದ, ಒಳಗೆ ಫಿಲ್ಟರ್ ಇರುವ ಪ್ಲಗ್ ಎಲ್ಲವನ್ನೂ ಹೆಚ್ಚುಕಡಿಮೆ ಸಮವಾಗಿ 15ರಿಂದ 20 ಡೆಸಿಬೆಲ್ ತಗ್ಗಿಸುತ್ತದೆ, ಹಾಡು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ಒಳಗೆ ಹೋಗುವ ಮೊದಲೇ ಹಾಕಿಕೊಳ್ಳಿ, ಕಿವಿ ಗುಂಯ್‌ಗುಟ್ಟಿದ ಮೇಲೆ ಹಾಕಿ ಪ್ರಯೋಜನವಿಲ್ಲ. ವೇದಿಕೆಯ ಮುಂದೆಯೇ ನಿಂತರೆ ಡ್ರಮ್ ಮತ್ತು ಗಿಟಾರ್ ಆಂಪ್ಲಿಫೈಯರ್ ಮಾತ್ರ ಕೇಳುತ್ತವೆ, ಹಾಡುವವನ ದನಿ ತಲೆಯ ಮೇಲಿಂದ ಹಾದುಹೋಗುತ್ತದೆ. ಮಿಕ್ಸರ್ ಇಟ್ಟಿರುವ ಮೇಜಿನ ಮುಂದೆ, ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಸೌಂಡ್ ಎಂಜಿನಿಯರ್ ಕೇಳಿ ಹೊಂದಿಸುವುದು ಅಲ್ಲಿನ ಸದ್ದನ್ನೇ. ಸಣ್ಣ ತಂಡವಾದರೆ ಬಾಗಿಲ ಬಳಿ ಸಿಡಿ, ಟೀ ಶರ್ಟು ಮಾರುತ್ತಿರುತ್ತಾರೆ. ಹೋಗುವಾಗಲೇ ಅಲ್ಲಿ ಒಂದು ಸಿಡಿ ತೆಗೆದುಕೊಳ್ಳಿ, ಕಛೇರಿ ಮುಗಿದ ಮೇಲೆ ರೈಲಿನ ಹೊತ್ತು ನೋಡಿಕೊಂಡು ಓಡಬೇಕಾಗುತ್ತದೆ.